ಮೀನಿನ ಪ್ರಸಾದ ನುಂಗಿದ ಮೇಲೆ

ಪ್ರತಿ ಜೂನ್‌ನಲ್ಲಿ ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿನ ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಕುಟುಂಬದವರು ಉಬ್ಬಸಕ್ಕೆ ಮೀನು ಪ್ರಸಾದ ಕೊಡುತ್ತಾರೆ. ಜೀವಂತ ಮರಿಮೀನಿನ ಬಾಯಲ್ಲಿ ಔಷಧಿ ಇಟ್ಟು ನುಂಗಿಸುತ್ತಾರೆ; ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ. ನಮ್ಮ ಕರ್ನಾಟಕದಿಂದಲೂ ಜನ ಹೋಗುತ್ತಾರೆ.

ಇದರಿಂದ ಉಬ್ಬಸ ವಾಸಿಯಾಗುತ್ತದೆಂದು ವೈಜ್ಞಾನಿಕವಾಗಿ ಸಾಬೀತಾಗಿಲ್ಲ. ಹೋಗುವುದು, ಬಿಡುವುದು ನಿಮ್ಮ ನಂಬಿಕೆ. ಆದರೆ ಪ್ರಸಾದ ಆಯಿತೆಂದು ಇನ್‌ಹೇಲರ್ ನಿಲ್ಲಿಸಬೇಡಿ. ಅಲರ್ಜಿಯಿಂದ ಬರುವ ಉಬ್ಬಸ ಋತು ಬದಲಾದಾಗ ತಾನಾಗಿಯೇ ತಗ್ಗುವುದುಂಟು, ಗುಣವಾಯಿತೆಂದೇ ಅನಿಸುತ್ತದೆ. ಒಳಗೆ ಶ್ವಾಸನಾಳದ ಊತ ಹಾಗೇ ಇರಬಹುದು. ದಿನವೂ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರ್ ಹಿಡಿತದಲ್ಲಿಡುವುದು ಆ ಊತವನ್ನೇ. ಬಿಟ್ಟರೆ ಒಂದು ರಾತ್ರಿ ಉಸಿರು ಕಟ್ಟೀತು!

ನಾಟಿ, ಆಯುರ್ವೇದ, ಹೋಮಿಯೋಪತಿ - ಯಾವುದನ್ನು ತೆಗೆದುಕೊಂಡರೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.