‘ಸರ್, ಒಂದ್ನಿಮಿಷ’: ಕಾಕ್‌ಪಿಟ್‌ನಲ್ಲಿ ಮಾತಾಡೋಕೆ ಕಲಿಸೋ ಪಾಠ

ಕಳೆದ ವರ್ಷ ನಾನು ಫಸ್ಟ್ ಇಯರ್‌ನಲ್ಲಿದ್ದಾಗ ನಮ್ಮ ಏರೋ ಟೀಮ್‌ನ ಆರ್‌ಸಿ ವಿಮಾನ ಹಾರಿದ ಮೂರೇ ಸೆಕೆಂಡಿಗೆ ನೆಲಕ್ಕೆ ಬಿತ್ತು. ಒಂದೂವರೆ ತಿಂಗಳು ಬಾಲ್ಸಾ ಕತ್ತರಿಸಿ, ಅಂಟಿಸಿ, ಬೆರಳಿಗೆ ಬೆರಳು ಅಂಟಿಸ್ಕೊಂಡು ಕಟ್ಟಿದ ವಿಮಾನ. ಯಾರಿಗೂ ಏಟಾಗಲಿಲ್ಲ, ಅಷ್ಟೇ ಪುಣ್ಯ. ಕಾರಣ ಹುಡುಕೋಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ರಿಮೋಟ್‌ನಲ್ಲಿ ಬೇರೆ ಮಾಡೆಲ್‌ನ ಸೆಟ್ಟಿಂಗ್ ಉಳಿದುಬಿಟ್ಟಿತ್ತು. ಸ್ಟಿಕ್ ಬಲಕ್ಕೆ ತಳ್ಳಿದ್ರೆ ವಿಮಾನ ಎಡಕ್ಕೆ ವಾಲ್ತಿತ್ತು.

ನಿಜ ಹೇಳ್ಬೇಕಂದ್ರೆ, ಅದನ್ನ ನಾನು ಮೊದಲೇ ನೋಡಿದ್ದೆ. ಹಾರಿಸೋ ಮುಂಚೆ ರೆಕ್ಕೆ ಪಕ್ಕ ನಿಂತಿದ್ದವನು ನಾನೇ. ಸೀನಿಯರ್ ಸ್ಟಿಕ್ ಬಲಕ್ಕೆ ಮಾಡಿದಾಗ ಬಲಗಡೆಯ ಏಲೆರಾನ್ ಮೇಲೇಳೋ ಬದಲು ಕೆಳಗೆ ಹೋಯ್ತು. "ಅಣ್ಣಾ, ಇದು ಸರಿ ಇದ್ಯಾ ಅಂತ ಒಂದ್ಸಲ ನೋಡ್ತೀರಾ?" ಅಂದೆ. "ನಿನ್ನೆ ತಾನೇ ಚೆಕ್ ಮಾಡಿದೀವಲ್ಲೋ, ಸೈಡಿಗೆ ಬಾ" ಅಂದ್ರು. ಬಂದೆ.

ಆ ರಾತ್ರಿ ಹಾಸ್ಟೆಲ್‌ನಲ್ಲಿ ನಿದ್ದೆ ಬರಲಿಲ್ಲ. ತಪ್ಪು ಕಣ್ಣಿಗೆ ಕಂಡಿತ್ತು, ಬಾಯಿಗೂ ಬಂದಿತ್ತು, ಆದ್ರೂ ವಿಮಾನ ಬಿತ್ತು. ನನ್ನ ಪುಕ್ಕಲುತನ ಅಂದ್ಕೊಂಡೆ. ಆಮೇಲೆ ನಿಜವಾದ ವಿಮಾನ ಅಪಘಾತಗಳ ಬಗ್ಗೆ ಓದ್ತಾ ಹೋದಾಗ, ಸಾವಿರಾರು ಗಂಟೆ ಹಾರಿಸಿದ ಪೈಲಟ್‌ಗಳಿಗೂ ಹೀಗೇ ಆಗಿದೆ ಅಂತ ಗೊತ್ತಾಯ್ತು. ಅದಕ್ಕೇ ಜೊತೆಯಲ್ಲಿ ಕೆಲಸ ಮಾಡೋದು, ಮೇಲಿನವರಿಗೆ ತಪ್ಪು ತೋರಿಸೋದು, ಕೆಳಗಿನವರ ಮಾತು ಕೇಳೋದು, ಇವನ್ನೆಲ್ಲ ಲ್ಯಾಂಡಿಂಗ್ ಕಲಿಸಿದ ಹಾಗೇ ಅವರಿಗೆ ಕಲಿಸ್ತಾರೆ. ಆ ಪಾಠದ ಹೆಸರು ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಸಿಆರ್‌ಎಂ.

ಇಬ್ಬರು ಎಚ್ಚರಿಸಿದ್ದರೂ

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ವಿಮಾನ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಈ ಚಿಕ್ಕ ನಿಲ್ದಾಣಕ್ಕೆ ಬಂದು ತುಂಬಿಕೊಂಡಿದ್ದವು. ಜೊತೆಗೆ ದಟ್ಟ ಮಂಜು. ಕೆಎಲ್‌ಎಂ ಕಂಪನಿಯ 747 ಟೇಕಾಫ್‌ಗೆ ರನ್‌ವೇ ತುದಿಯಲ್ಲಿ ನಿಂತಿತ್ತು. ಅದೇ ರನ್‌ವೇ ಮೇಲೆ ಪ್ಯಾನ್ ಆ್ಯಮ್‌ನ ಇನ್ನೊಂದು 747 ಇನ್ನೂ ಚಲಿಸುತ್ತಿತ್ತು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

ಕೆಎಲ್‌ಎಂ ಕ್ಯಾಪ್ಟನ್ ಆ ಕಂಪನಿಯ 747 ತರಬೇತಿಯ ಮುಖ್ಯಸ್ಥ. ಜಾಹೀರಾತಿನಲ್ಲಿ ಅವರ ಫೋಟೋ ಬರುತ್ತಿತ್ತು. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್‌ಗೆ ಸುಮಾರು ಎರಡು ತಿಂಗಳ ಹಿಂದೆ 747 ಹಾರಿಸುವ ಪರೀಕ್ಷೆ ತೆಗೆದುಕೊಂಡವರೂ ಅವರೇ. ಅಂದ್ರೆ ನಿಮ್ಮ ವೈವಾ ತಗೊಂಡ ಎಚ್‌ಓಡಿ ಪಕ್ಕದಲ್ಲೇ ಕೂತು ಕೆಲಸ ಮಾಡಿದ ಹಾಗೆ.

ಕ್ಯಾಪ್ಟನ್ ಎಂಜಿನ್ ಪವರ್ ಕೊಡೋಕೆ ಶುರು ಮಾಡಿದಾಗ, ಇನ್ನೂ ಅನುಮತಿ ಬಂದಿಲ್ಲ ಅಂತ ಫಸ್ಟ್ ಆಫೀಸರ್ ನೆನಪಿಸಿದರು. ಆಗ ಕ್ಯಾಪ್ಟನ್ ನಿಂತರು. ಆಮೇಲೆ ಟವರ್‌ನಿಂದ ಬಂದಿದ್ದು ಹಾರಿದ ಮೇಲೆ ಯಾವ ದಾರಿ ಹಿಡಿಯಬೇಕು ಅನ್ನುವ ಅನುಮತಿ ಮಾತ್ರ, ಟೇಕಾಫ್ ಅನುಮತಿ ಅಲ್ಲ. ಆದರೂ ಕ್ಯಾಪ್ಟನ್ ಹೊರಟರು. ಎರಡನೇ ಸಲ ಫಸ್ಟ್ ಆಫೀಸರ್ ತಡೆಯಲಿಲ್ಲ. ಅಷ್ಟರಲ್ಲಿ ರೇಡಿಯೋದಲ್ಲಿ ಪ್ಯಾನ್ ಆ್ಯಮ್ ಮಾತು ಕೇಳಿಸಿಕೊಂಡ ಫ್ಲೈಟ್ ಎಂಜಿನಿಯರ್, ಆ ವಿಮಾನ ರನ್‌ವೇಯಿಂದ ಆಚೆ ಹೋಗಿಲ್ವಾ ಅಂತ ಕೇಳಿದರು. ಹೋಗಿದೆ ಅಂತ ಕ್ಯಾಪ್ಟನ್ ಖಂಡಿತವಾಗಿ ಹೇಳಿದರು. ಎಂಜಿನಿಯರ್ ಮತ್ತೆ ಮಾತಾಡಲಿಲ್ಲ. ಕೆಲವೇ ಸೆಕೆಂಡಿನಲ್ಲಿ ಡಿಕ್ಕಿ. ಸತ್ತವರು 583 ಜನ. ವಿಮಾನಯಾನದ ಇತಿಹಾಸದಲ್ಲಿ ಅತಿ ಹೆಚ್ಚು ಜನ ಸತ್ತ ಅಪಘಾತ ಇದೇ.

ಆ ಎಂಜಿನಿಯರ್ ಕೇಳಿದ್ದು ಪ್ರಶ್ನೆ. ನಾನು "ಒಂದ್ಸಲ ನೋಡ್ತೀರಾ?" ಅಂದಿದ್ದೂ ಪ್ರಶ್ನೆ. ಪ್ರಶ್ನೆಗೆ ಉತ್ತರ ಸಿಕ್ಕಿದ ತಕ್ಷಣ ಮಾತು ಮುಗಿದುಹೋಗುತ್ತೆ, ಉತ್ತರ ತಪ್ಪಾಗಿದ್ರೂ.

ಪಾಠ ಶುರುವಾಗಿದ್ದು

ಮರುವರ್ಷ, 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇನ್ನೊಂದು ಘಟನೆ. ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನದ ಚಕ್ರಗಳು ಸರಿಯಾಗಿ ಇಳಿದಿವೆಯೋ ಇಲ್ಲವೋ ಅನ್ನೋ ಅನುಮಾನ ಬಂತು. ಕ್ಯಾಪ್ಟನ್ ಸುಮಾರು ಒಂದು ಗಂಟೆ ಮೇಲೆಯೇ ಸುತ್ತು ಹೊಡೆಸಿದರು. ಇಂಧನ ಕಡಿಮೆಯಾಗ್ತಿದೆ ಅನ್ನೋದನ್ನ ಜೊತೆಗಿದ್ದ ಇಬ್ಬರು ಹೇಳಿದರು, ಆದರೆ ಕ್ಯಾಪ್ಟನ್ ತಲೆಗೆ ನಾಟೋ ಹಾಗೆ ಹೇಳಲಿಲ್ಲ. ಅವರ ಗಮನವೆಲ್ಲ ಚಕ್ರದ ಮೇಲೆ. ಕೊನೆಗೆ ಇಂಧನ ಖಾಲಿಯಾಗಿ ವಿಮಾನ ಊರ ಹೊರವಲಯದಲ್ಲಿ ಬಿತ್ತು. 10 ಜನ ಸತ್ತರು.

ತನಿಖೆ ಮಾಡಿದ ಅಮೆರಿಕದ ಎನ್‌ಟಿಎಸ್‌ಬಿ ಸಂಸ್ಥೆ ಎರಡೂ ಕಡೆ ಬೆರಳು ತೋರಿಸಿತು. ಕ್ಯಾಪ್ಟನ್‌ಗಳಿಗೆ ಎಲ್ಲರನ್ನೂ ಸೇರಿಸಿಕೊಂಡು ಕೆಲಸ ಮಾಡೋದನ್ನ ಕಲಿಸಿ, ಉಳಿದವರಿಗೆ ಗಟ್ಟಿಯಾಗಿ ಮಾತಾಡೋದನ್ನ ಕಲಿಸಿ ಅಂತ ಶಿಫಾರಸು ಮಾಡಿತು. 1979ರಲ್ಲಿ ನಾಸಾ ಇದೇ ವಿಷಯಕ್ಕೆ ಒಂದು ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ತನ್ನ ಪೈಲಟ್‌ಗಳಿಗೆ ತರಬೇತಿ ಶುರು ಮಾಡಿತು. ಮೊದಲು ಅದರ ಹೆಸರು ‘ಕಾಕ್‌ಪಿಟ್ ರಿಸೋರ್ಸ್ ಮ್ಯಾನೇಜ್‌ಮೆಂಟ್’. ಆಮೇಲೆ ಕ್ಯಾಬಿನ್ ಸಿಬ್ಬಂದಿಯನ್ನೂ ಸೇರಿಸಿಕೊಂಡು ‘ಕ್ರೂ’ ಅಂತಾಯ್ತು.

ಒಬ್ಬರೇ ಹಾರಿಸೋಕೆ ಕಲಿತವರು

ಈಗ ಒಬ್ಬ ಸ್ಟೂಡೆಂಟ್ ಪೈಲಟ್‌ನ ಜಾಗದಲ್ಲಿ ನಿಂತು ನೋಡಿ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ವಿಮಾನದ ಜವಾಬ್ದಾರಿ ಹೊತ್ತು ಹಾರಿಸಿರಬೇಕು. ಚಿಕ್ಕ ಸೆಸ್ನಾದಂಥ ವಿಮಾನ, ಎಲ್ಲಾ ಕೆಲಸ ಒಬ್ಬನದೇ. ಅವನು ದೊಡ್ಡ ಸಂಭ್ರಮ ಪಡೋ ದಿನ ಕೂಡ ಫಸ್ಟ್ ಸೋಲೋ, ಅಂದ್ರೆ ಒಬ್ಬನೇ ಹಾರಿಸಿದ ದಿನ. ಇಷ್ಟೆಲ್ಲ ಆದ ಮೇಲೆ ಅವನನ್ನ ಏರ್‌ಬಸ್‌ನಲ್ಲೋ ಬೋಯಿಂಗ್‌ನಲ್ಲೋ, ತನಗಿಂತ ಇಪ್ಪತ್ತು ವರ್ಷ ದೊಡ್ಡವರ ಪಕ್ಕ ಕೂರಿಸ್ತಾರೆ. ಇಷ್ಟು ದಿನ ಕಲಿತ ಅಭ್ಯಾಸದ ಮೇಲೆ ಹೊಸ ಅಭ್ಯಾಸ ಕೂರಬೇಕು. ಅದಕ್ಕೇ ಮಲ್ಟಿ ಕ್ರೂ ಕೋಆಪರೇಷನ್ ಅನ್ನೋ ಬೇರೆ ಕೋರ್ಸೇ ಇದೆ.

ಮೊದಲ ಪಾಠ ಕೆಲಸ ಹಂಚಿಕೊಳ್ಳೋದು. ಒಬ್ಬರು ಪೈಲಟ್ ಫ್ಲೈಯಿಂಗ್, ವಿಮಾನ ಹಾರಿಸೋರು. ಇನ್ನೊಬ್ಬರು ಪೈಲಟ್ ಮಾನಿಟರಿಂಗ್, ಗಮನಿಸೋರು. ಕ್ಯಾಪ್ಟನ್ ಯಾವಾಗಲೂ ಹಾರಿಸಬೇಕು ಅಂತೇನಿಲ್ಲ, ಸರದಿ ಮೇಲೆ ಮಾಡ್ತಾರೆ. ಗಮನಿಸೋದು ಸುಮ್ಮನೆ ಕೂರೋ ಕೆಲಸ ಅಲ್ಲ. ವೇಗ ಹೆಚ್ಚು ಕಡಿಮೆ ಆದ್ರೆ "ಸ್ಪೀಡ್" ಅಂತ ಜೋರಾಗಿ ಹೇಳಬೇಕು, ಹಾರಿಸೋರು "ಕರೆಕ್ಟಿಂಗ್" ಅಂತ ಉತ್ತರ ಕೊಡಬೇಕು. ಇಬ್ಬರಲ್ಲಿ ಯಾರ ಕೈಯಲ್ಲಿ ಕಂಟ್ರೋಲ್ ಇದೆ ಅನ್ನೋದೂ ಬಾಯಿಬಿಟ್ಟು ಹೇಳಿಯೇ ಬದಲಾಗಬೇಕು: "ಯು ಹ್ಯಾವ್ ಕಂಟ್ರೋಲ್", "ಐ ಹ್ಯಾವ್ ಕಂಟ್ರೋಲ್". ಹೀಗೆ ಪದಗಳನ್ನ ಮೊದಲೇ ಗೊತ್ತು ಮಾಡಿಟ್ಟಿರೋದ್ರಿಂದ ಒಂದು ಲಾಭ ಇದೆ. "ಸ್ಪೀಡ್" ಅಂತ ಜೂನಿಯರ್ ಹೇಳಿದ್ರೆ ಅದು ಅಧಿಕಪ್ರಸಂಗ ಅನಿಸಲ್ಲ. ಅದು ಅವನ ಡ್ಯೂಟಿ.

ಎರಡನೇ ಪಾಠ ಮೆಟ್ಟಿಲು ಹತ್ತೋದು. ಪ್ರಶ್ನೆಗೆ ಉತ್ತರ ಸಿಕ್ಕಿದ ತಕ್ಷಣ ಸುಮ್ಮನಾಗೋ ನಮ್ಮಂಥವರಿಗೇ ಮಾಡಿದ ಹಾಗಿದೆ ಇದು. ವಿಮಾನ ತೀರಾ ಎತ್ತರದಲ್ಲಿ ರನ್‌ವೇ ಕಡೆ ಬರ್ತಿದೆ ಅಂದ್ಕೊಳ್ಳಿ. ಮೊದಲು ಕೇಳು: "ಸರ್, ನಾವು ಸ್ವಲ್ಪ ಹೈ ಇದೀವಾ?" ಬಗ್ಗಲಿಲ್ಲ ಅಂದ್ರೆ ಎಚ್ಚರಿಸು: "ಸರ್, ತುಂಬಾ ಹೈ ಇದೀವಿ, ಹೀಗೇ ಹೋದ್ರೆ ರನ್‌ವೇ ಸಾಕಾಗಲ್ಲ." ಆಗಲೂ ಇಲ್ಲ ಅಂದ್ರೆ ನೇರವಾಗಿ ಹೇಳು: "ಕ್ಯಾಪ್ಟನ್, ಗೋ ಅರೌಂಡ್!" ಅಂದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲಕ್ಕೆ ಹೋಗಿ ಅಂತ. ಕೊನೆಯ ಮೆಟ್ಟಿಲು: "ಐ ಹ್ಯಾವ್ ಕಂಟ್ರೋಲ್" ಅಂತ ಹೇಳಿ ತಾನೇ ತಗೊಳ್ಳೋದು. ಮೆಟ್ಟಿಲು ಏರ್ತಾ ಹೋದ ಹಾಗೆ ಮರ್ಯಾದೆ ಕಡಿಮೆಯಾಗಬೇಕಿಲ್ಲ, ಅನುಮಾನಕ್ಕೆ ಜಾಗ ಕಡಿಮೆಯಾಗಬೇಕು.

ಮೂರನೇ ಪಾಠ ಕ್ಯಾಪ್ಟನ್‌ಗೆ. ಇದಕ್ಕೆ ಅಥಾರಿಟಿ ಗ್ರೇಡಿಯೆಂಟ್ ಅನ್ನೋ ಮಾತು ಬಳಸ್ತಾರೆ. ಮ್ಯಾಥ್ಸ್‌ನಲ್ಲಿ ಓದಿದೀವಲ್ಲಾ ಗ್ರೇಡಿಯೆಂಟ್, ಅದೇ ಇಳಿಜಾರು. ಇಬ್ಬರ ನಡುವೆ ಇಳಿಜಾರು ಕಡಿದಾಗಿದ್ರೆ ಕೆಳಗಿನವರ ಮಾತು ಮೇಲಕ್ಕೆ ಹತ್ತಲ್ಲ. ಪೂರ್ತಿ ಸಮತಟ್ಟಾಗಿದ್ರೆ ತೀರ್ಮಾನ ಮಾಡೋರೇ ಇರಲ್ಲ. ಸ್ವಲ್ಪ ಇಳಿಜಾರು ಬೇಕು, ಮತ್ತೆ ಅದನ್ನ ಎಷ್ಟಿಡಬೇಕು ಅನ್ನೋದು ಹೆಚ್ಚಾಗಿ ಕ್ಯಾಪ್ಟನ್ ಕೈಯಲ್ಲಿದೆ. ಹೊರಡೋ ಮುಂಚಿನ ಬ್ರೀಫಿಂಗ್‌ನಲ್ಲೇ "ನಾನು ಏನಾದ್ರೂ ಬಿಟ್ರೆ ಹೇಳಿ" ಅನ್ನೋದು, ತನ್ನ ಅಭಿಪ್ರಾಯ ಹೇಳೋ ಮುಂಚೆ ಜೂನಿಯರ್‌ನ ಕೇಳೋದು, ತೊಂದರೆ ಬಂದಾಗ "ನೀವು ಹಾರಿಸಿ, ನಾನು ಇದನ್ನ ನೋಡ್ತೀನಿ" ಅಂತ ಹಂಚೋದು, ಇವೆಲ್ಲ ಅದಕ್ಕೇ. ಪೋರ್ಟ್‌ಲ್ಯಾಂಡ್‌ನಲ್ಲಿ ಕ್ಯಾಪ್ಟನ್ ಚಕ್ರದ ಚಿಂತೆಯನ್ನ ಒಬ್ಬರಿಗೆ ಬಿಟ್ಟು ತಾನು ಇಡೀ ವಿಮಾನ ನೋಡಿಕೊಂಡಿದ್ರೆ ಕಥೆ ಬೇರೆ ಆಗ್ತಿತ್ತೇನೋ. ಹಾಗಂತ ಎಲ್ಲರ ವೋಟ್ ಹಾಕಿಸಿ ವಿಮಾನ ಇಳಿಸಲ್ಲ. ಎಲ್ಲರ ಮಾತು ಕೇಳಿದ ಮೇಲೆ ತೀರ್ಮಾನ ಕ್ಯಾಪ್ಟನ್‌ದೇ.

ಇದನ್ನೆಲ್ಲ ಪಿಪಿಟಿ ತೋರಿಸಿ ಬಿಟ್ಟುಬಿಡಲ್ಲ. ಸಿಮ್ಯುಲೇಟರ್‌ನಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಪೂರ್ತಿ ಫ್ಲೈಟ್ ಮಾಡಿಸ್ತಾರೆ. ದಾರಿಯಲ್ಲಿ ಏನೋ ಕೆಡುತ್ತೆ. ಇನ್‌ಸ್ಟ್ರಕ್ಟರ್ ಮಧ್ಯೆ ಬಾಯಿ ಹಾಕಲ್ಲ, ತಂಡವೇ ನಿಭಾಯಿಸಬೇಕು. ಕೆಲವು ಸಲ ಒಬ್ಬರಿಗೆ ಬೇಕಂತಲೇ ಪ್ರಜ್ಞೆ ತಪ್ಪಿದ ಹಾಗೆ ನಟಿಸೋಕೆ ಹೇಳಿರ್ತಾರೆ. ಎರಡು ಸಲ ಕರೆದ್ರೂ ಉತ್ತರ ಬರಲಿಲ್ಲ ಅಂದ್ರೆ ಇನ್ನೊಬ್ಬರು ಕಂಟ್ರೋಲ್ ತಗೋಬೇಕು. ಮುಗಿದ ಮೇಲೆ ಕೂತು ಯಾರು ಯಾವಾಗ ಏನು ಹೇಳಿದ್ರು, ಯಾಕೆ ಹೇಳಲಿಲ್ಲ ಅಂತ ಬಿಡಿಸಿ ನೋಡ್ತಾರೆ.

ಮಂಗಳೂರಿನ ಬೆಳಗ್ಗೆ

ಇಷ್ಟೆಲ್ಲ ಇದ್ದೂ ಆಗಬಾರದ್ದು ಆಗಿದೆ, ಅದೂ ನಮ್ಮಲ್ಲೇ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಜನರಲ್ಲಿ ಬದುಕಿದ್ದು 8 ಜನ. ನಾವೆಲ್ಲ ಆಗ ತುಂಬಾ ಚಿಕ್ಕವರು, ಆದರೆ ಕರಾವಳಿಯ ಗೆಳೆಯರ ಮನೆಗಳಲ್ಲಿ ಆ ದಿನದ ಮಾತು ಈಗಲೂ ಬರುತ್ತೆ.

ತನಿಖಾ ವರದಿ ಪ್ರಕಾರ ಕ್ಯಾಪ್ಟನ್ ದಾರಿಯಲ್ಲಿ ತುಂಬಾ ಹೊತ್ತು ನಿದ್ದೆ ಮಾಡಿದ್ದರು. ವಿಮಾನ ತೀರಾ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಇಳಿಯೋಕೆ ಬಂತು. ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಅಂತ ಹೇಳಿದರು. ಯಂತ್ರದ ಎಚ್ಚರಿಕೆಗಳೂ ಕೂಗುತ್ತಿದ್ದವು. ಕ್ಯಾಪ್ಟನ್ ಇಳಿಸೋದನ್ನ ಬಿಡಲಿಲ್ಲ. ಸುಮಾರು 8,000 ಅಡಿ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ.

ಇಲ್ಲಿ ಜೂನಿಯರ್ ಸುಮ್ಮನಿರಲಿಲ್ಲ ಅನ್ನೋದನ್ನ ಗಮನಿಸಿ. ಮೂರನೇ ಮೆಟ್ಟಿಲಿನವರೆಗೂ ಹತ್ತಿದ್ದರು. ಕೊನೆಯ ಮೆಟ್ಟಿಲು ಉಳಿದಿತ್ತು. ಅದಕ್ಕೆ ವರದಿ ಅವರೊಬ್ಬರನ್ನೇ ದೂರಲಿಲ್ಲ. ಕೋ-ಪೈಲಟ್ ತಾನೇ ಗೋ ಅರೌಂಡ್ ಮಾಡಬಹುದಾ ಅನ್ನೋ ಬಗ್ಗೆ ಇದ್ದ ಸೂಚನೆಗಳೇ ಸ್ಪಷ್ಟವಾಗಿರಲಿಲ್ಲ, ಬಹುಶಃ ಅದಕ್ಕೇ ಅವರು ಕಂಟ್ರೋಲ್ ತಗೊಳ್ಳಲಿಲ್ಲ ಅಂತ ಹೇಳಿತು. ನನಗೆ ಇದು ತುಂಬಾ ಮುಖ್ಯ ಅನಿಸ್ತು. "ಧೈರ್ಯವಾಗಿ ಮಾತಾಡಪ್ಪಾ" ಅಂತ ಬೆನ್ನು ತಟ್ಟಿದ್ರೆ ಸಾಲಲ್ಲ. ಮಾತು ಕೇಳದಿದ್ರೆ ಮುಂದೇನು ಮಾಡಬಹುದು ಅನ್ನೋದನ್ನ ಮೇಲಿನವರೇ ಮೊದಲೇ ಬರೆದುಕೊಟ್ಟಿರಬೇಕು.

ಕೆಲಸಕ್ಕೆ ಬಂದ ದಿನ

1989ರ ಜುಲೈ 19ರಂದು ಅದೇ ಯುನೈಟೆಡ್‌ನ ಡಿಸಿ-10 ವಿಮಾನದ ಬಾಲದ ಎಂಜಿನ್ ಗಾಳಿಯಲ್ಲೇ ಸಿಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಹೋದವು. ಸ್ಟಿಯರಿಂಗ್, ಬ್ರೇಕ್ ಎರಡೂ ಇಲ್ಲದ ಬಸ್ಸಿನ ಹಾಗೆ. ಅದಕ್ಕೆ ಚೆಕ್‌ಲಿಸ್ಟೇ ಇರಲಿಲ್ಲ. ಕ್ಯಾಪ್ಟನ್ ಅಲ್ ಹೇಯ್ನ್ಸ್, ಪ್ರಯಾಣಿಕರಾಗಿ ಬಂದಿದ್ದ ಡೆನ್ನಿಸ್ ಫಿಚ್ ಅನ್ನೋ ತರಬೇತುದಾರ ಪೈಲಟ್‌ನ ಕಾಕ್‌ಪಿಟ್‌ಗೆ ಸೇರಿಸಿಕೊಂಡರು. ಫಿಚ್ ನೆಲದ ಮೇಲೆ ಮಂಡಿಯೂರಿ, ಉಳಿದ ಎರಡು ಎಂಜಿನ್‌ಗಳ ಪವರ್ ಹೆಚ್ಚು ಕಡಿಮೆ ಮಾಡ್ತಾ ವಿಮಾನ ತಿರುಗಿಸಿದರು. ಸೂ ಸಿಟಿಯ ರನ್‌ವೇ ಮೇಲೆ ವಿಮಾನ ಒಡೆದುಹೋದರೂ 296 ಜನರಲ್ಲಿ 184 ಜನ ಬದುಕಿದರು. ಆ ಕಾಕ್‌ಪಿಟ್‌ನಲ್ಲಿದ್ದ ನಾಲ್ವರ ಅನುಭವ ಸೇರಿಸಿದ್ರೆ 103 ವರ್ಷ ಅಂತ ಹೇಯ್ನ್ಸ್ ಆಮೇಲೆ ಹೇಳ್ತಿದ್ರು. ಅಷ್ಟನ್ನೂ ಬಳಸಿಕೊಳ್ಳೋಕೆ ಆಗಿದ್ದು ಸಿಆರ್‌ಎಂ ತರಬೇತಿಯಿಂದ ಅಂತಾನೂ ಹೇಳಿದ್ರು.

ನಮ್ಮ ಗ್ರೌಂಡ್‌ನಲ್ಲಿ

ಈ ವರ್ಷ ಟೀಮ್‌ನಲ್ಲಿ ನಾನೂ ‘ಅಣ್ಣ’ ಆಗಿದೀನಿ. ಎರಡು ರೂಲ್ ಮಾಡಿದೀವಿ. ಹಾರಿಸೋ ಮುಂಚೆ ರೆಕ್ಕೆ ಪಕ್ಕ ನಿಂತ ಜೂನಿಯರ್ "ಸ್ಟಿಕ್ ಬಲಕ್ಕೆ, ಬಲ ಏಲೆರಾನ್ ಮೇಲೆ" ಅಂತ ಜೋರಾಗಿ ಕೂಗಬೇಕು. ಮತ್ತೆ ಯಾರೇ "ಸ್ಟಾಪ್" ಅಂದ್ರೂ ಮೊದಲು ಮೋಟರ್ ಆಫ್, ಕಾರಣ ಕೇಳೋದು ಆಮೇಲೆ.

ಮೊನ್ನೆ ಒಬ್ಬಳು ಫಸ್ಟ್ ಇಯರ್ ಹುಡುಗಿ "ಸ್ಟಾಪ್" ಅಂದಳು. ಪ್ರೊಪೆಲರ್ ಸಡಿಲ ಇದೆ ಅನಿಸ್ತಂತೆ. ಬಿಚ್ಚಿ ನೋಡಿದ್ವಿ, ಸರಿಯಾಗೇ ಇತ್ತು. ಅಷ್ಟರಲ್ಲಿ ಗಾಳಿ ಜೋರಾಗಿ ಆ ದಿನ ಹಾರಿಸೋಕೇ ಆಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು, ಮುಂದಿನ ಸಲಾನೂ ಹೇಳು" ಅಂದೆ. ಆದ್ರೆ ಹಾಗೆ ಹೇಳೋವಾಗ ನನ್ನ ಮುಖ ಗಂಟು ಹಾಕ್ಕೊಂಡಿತ್ತು ಅಂತ ಗೆಳೆಯ ಆಮೇಲೆ ಹೇಳಿದ. ಕಳೆದ ವರ್ಷ ನನಗೆ "ಸೈಡಿಗೆ ಬಾ" ಅಂದ ಸೀನಿಯರ್ ಮೇಲಿದ್ದ ಸಿಟ್ಟು ಅವತ್ತು ಸ್ವಲ್ಪ ಕಡಿಮೆ ಆಯ್ತು. ನನ್ನ ಪ್ರಾಕ್ಟೀಸ್ ಇನ್ನೂ ಬಾಕಿ ಇದೆ.