ನೆರೆ ಇಳಿದ ಮೇಲಿನ ನೀರು

1961ನೆಯ ಇಸವಿಯ ಜುಲೈ 12ರ ಬೆಳಗ್ಗೆ, ಪುಣೆಯ ಮೇಲುಭಾಗದಲ್ಲಿ ಇನ್ನೂ ಕಟ್ಟಿ ಮುಗಿಯದಿದ್ದ ಪಾನಶೇತದ ಮಣ್ಣಿನ ಅಣೆಕಟ್ಟು, ಹಿಂದಿನ ರಾತ್ರಿಯೆಲ್ಲ ಸೈನಿಕರು ಮರಳಿನ ಚೀಲಗಳನ್ನು ಒಟ್ಟಿದರೂ ನಿಲ್ಲಲಾರದೆ ಒಡೆದುಹೋಯಿತು. ಅದರ ಜಲರಾಶಿಯು ಕೆಳಗಿದ್ದ ಖಡಕವಾಸಲದ ಕಲ್ಲುಕಟ್ಟೆಯನ್ನೂ ಭೇದಿಸಿಕೊಂಡು, ಮುಠಾ ನದಿಯ ಎರಡು ದಂಡೆಗಳ ಪೇಟೆಗಳನ್ನು ಮುಳುಗಿಸಿತು. ಮನೆಗಳು ಬಿದ್ದುದು, ಸೇತುವೆಗಳು ಮುಳುಗಿದುದು ಎಲ್ಲರ ನೆನಪಿನಲ್ಲಿಯೂ ಉಳಿದಿದೆ. ಆದರೆ ಖಡಕವಾಸಲವು ಕೇವಲ ಒಂದು ಕಟ್ಟೆಯಾಗಿರಲಿಲ್ಲ. ನಗರದ ಕುಡಿಯುವ ನೀರಿಗೆ ಅದೇ ಆಧಾರವಾಗಿದ್ದಿತು. ಊರನ್ನು ಮುಳುಗಿಸಿದ ದಿನವೇ ಊರಿನ ಬಾಯಾರಿಕೆಯೂ ಮೊದಲಾಯಿತು; ನಲ್ಲಿಗಳನ್ನು ನೆಚ್ಚಿದ್ದ ಜನ ಹಳೆಯ ವಾಡೆಗಳ ಬಾವಿಗಳ ಕಡೆಗೆ ಕೊಡ ಹಿಡಿದು ನಡೆಯಬೇಕಾಯಿತು. ಮುಠೆಯ ನೀರು ಮುಳೆಯನ್ನು ಕೂಡಿ, ಭೀಮೆಯಲ್ಲಿ ಬೆರೆತು, ಕೊನೆಗೆ ನಮ್ಮ ಕಲಬುರಗಿಯ ಸೀಮೆಯನ್ನು ಮುಟ್ಟುವುದಾದ್ದರಿಂದ ಈ ವೃತ್ತಾಂತವು ಕನ್ನಡಿಗರಿಗೆ ತೀರ ಹೊರಗಿನದಲ್ಲ.

ನೆರೆ ಇಳಿದೊಡನೆ ಜನರನ್ನು ಕಾಡುವ ಮೊದಲ ಭೀತಿ ಶವಗಳದು. ಹೆಣಗಳ ದುರ್ಗಂಧದಿಂದಲೇ ಸಾಂಕ್ರಾಮಿಕ ಹಬ್ಬುವುದೆಂಬ ನಂಬಿಕೆ ಬಹು ಪ್ರಾಚೀನವಾದುದು. ಆದರೆ ಅದು ಸರಿಯಲ್ಲ. ನೀರಿನಲ್ಲಿ ಮುಳುಗಿ ಮಡಿದವರಲ್ಲಿ ಬಹುತೇಕರು ಅದಕ್ಕೆ ಮುಂಚಿನ ಗಳಿಗೆಯವರೆಗೂ ಆರೋಗ್ಯವಂತರು. ರೋಗವಿಲ್ಲದವನ ದೇಹವು ಸತ್ತ ಮಾತ್ರಕ್ಕೆ ರೋಗದ ಆಗರವಾಗದು. ಆ ಭೀತಿಯಿಂದ ಗುರುತನ್ನೂ ಹಿಡಿಯದೆ ಅವಸರದಿಂದ ಸಾಮೂಹಿಕವಾಗಿ ದಹಿಸುವುದು ಬಂಧುಗಳಿಗೆ ಬಗೆಯುವ ಅನ್ಯಾಯವೇ ಸರಿ. ನಿಜವಾಗಿ ಅಂಜಬೇಕಾದುದು ಬದುಕಿದ್ದವರ ಮಲದಿಂದ. ನಮ್ಮ ಬೀದಿಗಳ ಅಡಿಯಲ್ಲಿ ಕುಡಿಯುವ ನೀರಿನ ಕೊಳವೆಯೂ ಒಳಚರಂಡಿಯೂ ನೆರೆಹೊರೆಯವರಂತೆ ಮಲಗಿರುತ್ತವೆ. ನೀರು ಒತ್ತಡದಿಂದ ಹರಿಯುವವರೆಗೆ ಕೊಳವೆಯ ಬಿರುಕು ಹೊರಕ್ಕೆ ಸೋರುವುದೇ ಹೊರತು ಒಳಕ್ಕೆ ಹೀರದು. ಸರಬರಾಜು ನಿಂತು ಒತ್ತಡ ಕುಸಿದೊಡನೆ ಅದೇ ಬಿರುಕು ಸುತ್ತಲಿನ ಕೊಚ್ಚೆಯನ್ನು ಒಳಗೆಳೆದುಕೊಳ್ಳುವುದು. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆಗಳು ಮನೆಯನ್ನು ಹೊಗುವುದು ಬಹುಮಟ್ಟಿಗೆ ಈ ಕಳ್ಳದಾರಿಯಿಂದಲೇ.

ಈ ದಾರಿಗೆ ಕಾವಲುಗಾರನೆಂದರೆ ಕ್ಲೋರಿನ್. ಹೊಸ ಬ್ಲೀಚಿಂಗ್ ಪುಡಿಯಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಸುಮಾರು ಶೇಕಡಾ 33ರಷ್ಟಿರುವುದು. ಬಿಸಿಲು, ತೇವ, ಗಾಳಿಗಳಿಗೆ ತೆರೆದಿಟ್ಟರೆ ಅದು ದಿನೇ ದಿನೇ ಹಾರಿಹೋಗಿ, ಉಳಿಯುವುದು ಬರಿಯ ಸುಣ್ಣದ ಪುಡಿ. ತಿಳಿಯಾದ ಬಾವಿಯ 1000 ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಪುಡಿ ಸಾಕು. ಆದರೆ ಅದನ್ನು ಹಾಗೆಯೇ ಎರಚುವುದಲ್ಲ. ಬಕೆಟ್ಟಿನಲ್ಲಿ ಕೊಂಚ ನೀರು ಹಾಕಿ ಗಟ್ಟಿಯಾಗಿ ಕಲಸಿ, ಮತ್ತಷ್ಟು ನೀರು ಸೇರಿಸಿ, ಸುಣ್ಣ ತಳಕ್ಕಿಳಿಯುವವರೆಗೆ ತಡೆದು, ಮೇಲಿನ ತಿಳಿಯನ್ನು ಮಾತ್ರ ಮತ್ತೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಿಂದ ಬಾವಿಗೆ ಇಳಿಬಿಟ್ಟು ಅಲುಗಿಸಬೇಕು; ಬಳಿಕ ಒಂದು ಗಂಟೆ ಯಾರೂ ನೀರು ಸೇದಕೂಡದು. ನೆರೆ ನುಗ್ಗಿ ಕದಡಿದ ಬಾವಿಗೆ ಈ ಲೆಕ್ಕ ಸಾಲದು. ಮಣ್ಣು ಮತ್ತು ಕೊಳೆತ ಪದಾರ್ಥಗಳು ಕ್ರಿಮಿಗಳಿಗಿಂತ ಮೊದಲೇ ಕ್ಲೋರಿನ್ನನ್ನು ನುಂಗಿಬಿಡುವುದರಿಂದ, ಮೊದಲು ನೀರನ್ನು ಹೊರಗೆತ್ತಿ, ಊರಿದ ನೀರು ತಿಳಿಯಾದ ಮೇಲೆಯೇ ಮದ್ದು. ಹಾಕಿದುದೆಷ್ಟೆಂಬುದಕ್ಕಿಂತ ಕೊನೆಯಲ್ಲಿ ಉಳಿದುದೆಷ್ಟೆಂಬುದೇ ಮುಖ್ಯವಾದುದರಿಂದ ತಜ್ಞರು ಉಳಿಕೆ ಕ್ಲೋರಿನ್ನನ್ನು ಅಳೆಯುತ್ತಾರೆ. ವಿಪತ್ಕಾಲದಲ್ಲಿ ಅದು ಲೀಟರಿಗೆ ಅರ್ಧ ಮಿಲಿಗ್ರಾಂ ಇರತಕ್ಕದ್ದು. ನೆರೆಯ ಮರುದಿನ ರಸ್ತೆಯಂಚಿಗೆ ರಂಗೋಲಿಯಂತೆ ಸುರಿಯುವ ಬಿಳಿಯ ಗೆರೆಯಿಂದ ಕಣ್ಣಿಗೆ ಸಮಾಧಾನವೇ ಹೊರತು ಮತ್ತಾವ ಪ್ರಯೋಜನವೂ ಇಲ್ಲ; ಆ ಪುಡಿ ಬಾವಿಗೂ ತೊಟ್ಟಿಗೂ ಸಲ್ಲಬೇಕಾದುದು. ಮನೆಯವರಿಗಾದರೋ ಮಳ್ಳಿಸಿದ ನೀರಿಗೆ ಸಮನಾದುದಿಲ್ಲ. ಕ್ಲೋರಿನ್ನಿಗೆ ಜಗ್ಗದ ಕೆಲವು ಪರೋಪಜೀವಿಗಳೂ ಕುದಿತಕ್ಕೆ ಸಾಯುತ್ತವೆ.

ರೋಗಗಳು ಎಲ್ಲವೂ ಒಂದೇ ದಿನ ಬರುವುದಿಲ್ಲ. ಮೊದಲ ಮೃತ್ಯು ಕ್ರಿಮಿಯದೇ ಅಲ್ಲ: 2024ರ ಜುಲೈ 25ರಂದು, ಖಡಕವಾಸಲದಿಂದ ಬಿಟ್ಟ ನೀರು ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳನ್ನು ಹೊಕ್ಕ ದಿನವೇ, ಡೆಕ್ಕನ್ ಭಾಗದ ಪುಲಾಚಿ ವಾಡಿಯಲ್ಲಿ ಮೂವರು ವಿದ್ಯುದಾಘಾತದಿಂದ ತೀರಿಕೊಂಡರು. ವಾಂತಿಭೇದಿ ಬರುವುದು ಮುಂದಿನ ದಿನಗಳಲ್ಲಿ. ಇಲಿ ಜ್ವರ ಇನ್ನೂ ತಡವಾಗಿ ಬರುವುದು. ಇಲಿಗಳ ಮೂತ್ರ ಬೆರೆತ ನೀರಿನಲ್ಲಿ ನಡೆದವನ ಕಾಲಿನ ಸಣ್ಣ ಗಾಯದಿಂದ ಒಳಹೊಕ್ಕ ಕ್ರಿಮಿ ಸಾಮಾನ್ಯವಾಗಿ ಒಂದೆರಡು ವಾರಗಳ ಬಳಿಕ ಜ್ವರವಾಗಿ, ಮೀನಖಂಡದ ನೋವಾಗಿ, ಕಣ್ಣಿನ ಕೆಂಪಾಗಿ ಕಾಣಿಸಿಕೊಳ್ಳುವುದು. ಕೆಸರು ಬಳಿಯುವ ಪೌರಕಾರ್ಮಿಕರಿಗೆ ಗಂಬೂಟು ಕೊಡದೆ ಅಭಿನಂದನೆ ಮಾತ್ರ ಸಲ್ಲಿಸುವ ಊರುಗಳು ಇದನ್ನು ಗಮನಿಸಬೇಕು. ಸೊಳ್ಳೆಯ ಕಥೆ ವಿಚಿತ್ರವಾದುದು: ನೆರೆಯ ರಭಸವು ಮೊದಲು ಅದರ ಮರಿಗಳನ್ನು ಕೊಚ್ಚಿಕೊಂಡು ಹೋಗುವುದು, ಆಮೇಲೆ ಒಡೆದ ಮಡಕೆ, ಟೈರುಗಳಲ್ಲಿ ನಿಂತ ತಿಳಿನೀರಿನಲ್ಲಿ ಡೆಂಗಿಯ ಸೊಳ್ಳೆ ಎಂಟು ಹತ್ತು ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆದುಬಿಡುವುದು.

ಭೇದಿ ಹತ್ತಿದವನನ್ನು ಕೊಲ್ಲುವುದು ನಿರ್ಜಲತೆ. 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಾಗ, ದಿಲೀಪ ಮಹಾಲನಬಿಸ್ ಎಂಬ ವೈದ್ಯರು ಉಪ್ಪು, ಗ್ಲುಕೋಸು ಬೆರೆಸಿದ ನೀರನ್ನು ಬಾಯಿಯಿಂದಲೇ ಕುಡಿಸಿ ಅಸಂಖ್ಯಾತರನ್ನು ಉಳಿಸಿದರು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಅಡಿಗೆಮನೆಯಲ್ಲಿ ಇಷ್ಟು ಇಲ್ಲದವರಿಲ್ಲ.

ನೆರೆಯಿಲ್ಲದಿರುವಾಗಲೂ ಈ ಕಾವಲು ಸಡಿಲವಾಗಬಾರದೆಂಬುದನ್ನು ಪುಣೆ ಇತ್ತೀಚೆಗೆ ಕಂಡಿದೆ. 2025ರ ಜನವರಿಯಲ್ಲಿ, ಮಳೆಯ ಸುಳಿವೇ ಇಲ್ಲದ ಕಾಲದಲ್ಲಿ, ಇದೇ ಸಿಂಹಗಡ ರಸ್ತೆಯ ಆಸುಪಾಸಿನ ಊರುಗಳಲ್ಲಿ ನರಗಳನ್ನು ಬಲಹೀನಗೊಳಿಸುವ ಗಿಲಾನ್ ಬಾರೆ ಎಂಬ ವ್ಯಾಧಿ ಗುಂಪುಗುಂಪಾಗಿ ಕಾಣಿಸಿಕೊಂಡಿತು; ಅನೇಕ ರೋಗಿಗಳಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಎಂಬ ಕರುಳಿನ ಕ್ರಿಮಿ ದೊರೆಯಿತು; ಸಂದೇಹವು ಕುಡಿಯುವ ನೀರಿನ ಮೇಲೆಯೇ ಬಿದ್ದಿತು. ಆದುದರಿಂದ ಓದುಗರಲ್ಲಿ ಒಂದು ವಿಜ್ಞಾಪನೆ: ಮುಂದಿನ ಮಳೆಗಾಲಕ್ಕೆ ಮುಂಚೆ, ನಿಮ್ಮ ಬಡಾವಣೆಯ ಕಟ್ಟಕಡೆಯ ನಲ್ಲಿಯ ನೀರಿನಲ್ಲಿ ಉಳಿಕೆ ಕ್ಲೋರಿನ್ ಎಷ್ಟೆಂದು ನೀರು ಸರಬರಾಜಿನವರನ್ನು ಕೇಳಿ ನೋಡಿರಿ; ಅವರ ಉತ್ತರ ಭರವಸೆಯ ಮಾತಾಗಿ ಬಾರದೆ, ಅಂಕಿಯಾಗಿ ಬರಲಿ.