ಗರ್ಭಿಣಿಯರ ಆಹಾರವೂ ಅಯೋಡಿನ್ ಉಪ್ಪೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ತಾಲೂಕುಗಳಲ್ಲಿ ಜೋಳ ಸಜ್ಜೆಗಳ ರೊಟ್ಟಿಯೇ ಮುಖ್ಯಾಹಾರವು. ಇವು ಬಲಕಾರಿಯಾದ ಧಾನ್ಯಗಳೇ ಸರಿ. ಆದರೆ ಅಯೋಡಿನ್ ಎಂಬ ದ್ರವ್ಯವು ಇವುಗಳಲ್ಲಿ ಅತ್ಯಲ್ಪವು. ಸಜ್ಜೆಯಲ್ಲಂತೂ ಕಂಠದಲ್ಲಿಯ ಥೈರಾಯ್ಡ್ ಗ್ರಂಥಿಯ ಕೆಲಸವನ್ನು ತಡೆಯುವ ಅಂಶವೂ ಉಂಟು. ಸಜ್ಜೆಯನ್ನು ಬಿಡಬೇಕೆಂದಲ್ಲ, ಅಯೋಡಿನ್ ಕೊರತೆಯನ್ನು ಉಪ್ಪಿನಿಂದ ತುಂಬಿಕೊಳ್ಳಬೇಕು.

ಗರ್ಭ ನಿಂತ ಮೊದಲಿನ ಮೂರು ತಿಂಗಳು ಶಿಶುವಿನ ಗ್ರಂಥಿಯು ಕೆಲಸಕ್ಕೆ ತೊಡಗಿರುವದಿಲ್ಲ. ಅದರ ಮೆದುಳು ಬೆಳೆಯಲು ಬೇಕಾದ, ಅಯೋಡಿನ್ನಿನಿಂದ ಆಗುವ ಗ್ರಂಥಿರಸವು ತಾಯಿಯಿಂದಲೇ ಬರತಕ್ಕದ್ದು. ಗರ್ಭಿಣಿಗೆ ದಿನಕ್ಕೆ ಬೇಕಾದ ಅಯೋಡಿನ್ ೨೫೦ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಪಾಲು ಮಾತ್ರ. ಕೊರತೆಯು ತೀವ್ರವಾದರೆ ಕೂಸು ಮಂದಬುದ್ಧಿಯೋ ಕಿವುಡೋ ಆಗಬಹುದು. ಆ ಹಾನಿಯನ್ನು ಮುಂದೆ ಔಷಧದಿಂದ ತುಂಬಲಾಗದು.

೨೦೦೬ರಿಂದ ಅಯೋಡಿನ್ ಬೆರೆಸದ ಉಪ್ಪನ್ನು ಮನುಷ್ಯರ ಊಟಕ್ಕೆಂದು ಮಾರುವದು ನಿಷಿದ್ಧವು. ದನಗಳಿಗೆಂದು ಮಾರಲು ಅಡ್ಡಿಯಿಲ್ಲ. ಗೋದಲಿಗೆಂದು ತಂದ ಹರಳುಪ್ಪಿನ ಚೀಲವು ಅಗ್ಗವೆಂದು ಅಡಿಗೆಮನೆಯನ್ನೂ ಆಳುಗಳ ಬುತ್ತಿಯನ್ನೂ ಸೇರಿದರೆ ಕಾಯಿದೆಯೇನು ಮಾಡೀತು! ಗೌಡರೂ ಜಮೀನುದಾರರೂ ಆ ಚೀಲವನ್ನು ಕೊಟ್ಟಿಗೆಯಲ್ಲಿಯೇ ಇರಿಸತಕ್ಕದ್ದು. ಅಡಿಗೆಯ ಉಪ್ಪನ್ನು ತೊಳೆಯಬಾರದು. ಮುಚ್ಚಳವಿಲ್ಲದೆ ಒಲೆಯ ಬದಿಗೆ ಇಡಬಾರದು. ತೇವ ಶಾಖಗಳಿಂದ ಅಯೋಡಿನ್ ಹೋಗುವದು. ಹೆಚ್ಚು ಉಪ್ಪು ತಿನ್ನುವದೂ ಉಪಾಯವಲ್ಲ. ಹಾಲು, ಮೊಸರು, ತತ್ತಿಗಳಿಂದಲೂ ಅದು ಕೆಲಮಟ್ಟಿಗೆ ದೊರೆಯುವದು. ಗರ್ಭಿಣಿಯರಿಗೆ ಸರಕಾರದಿಂದ ಕೊಡುವ ಕಬ್ಬಿಣಾಂಶದ ಗುಳಿಗೆಗಳಲ್ಲಿ ಅಯೋಡಿನ್ ಇರುವದಿಲ್ಲ.